ನಾಲ್ಕು ಬೆರಳು ಜಾಗ

“ಹನ್ನೊಂದು ಜನ ಒಂದೇ ಕೋಣೇಲಿ ಬಿದ್ಕೊಂಡಿರ್ತೀರಲ್ಲೇ, ಕೊಳೆತು ಹೋದ್ರಾ? ಗೆಡ್ಡೆಗೆ ಮಾತ್ರ ಜಾಗ ಬೇಕಂತೆ, ಜಾಗ! ಹತ್ತೇ ಮುಂಡೆ, ಹತ್ತಿ ಒತ್ತು!”

ಯಜಮಾನನ ಗಂಟಲಿಗೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನ ಆ ತುದಿಯಲ್ಲಿ ಮಂಡಿಯೂರಿದ್ದ ಹೆಂಗಸರ ಕೈಗಳೂ ನಿಂತವು. ಹಲಗೆಯಕ್ಕ ಹತ್ತಲಿಲ್ಲ. ಬರಿಗಾಲಲ್ಲಿ ಮಡಿಯ ಅಂಚಿಗೆ ನಿಂತು, ತಾನು ಈಗಷ್ಟೇ ಒತ್ತಿದ ಗುಳಿಗಳನ್ನೇ ನೋಡುತ್ತಿದ್ದಳು. ಎಂಟು ಬೆರಳಿಗೊಂದು, ಎಂಟು ಬೆರಳಿಗೊಂದು, ದಾರ ಹಿಡಿದು ಮಾಡಿದ ಹಾಗಿದ್ದವು.

ಹಲಗೆ ಅಂದರೆ ಆಳುದ್ದದ, ಮೊಳ ಅಗಲದ ಮರದ ಹಲಗೆ. ಅದರ ತಳಕ್ಕೆ ಎಂಟು ಬೆರಳಿಗೊಂದರಂತೆ ಮೊಂಡು ಗೂಟಗಳು. ಹದ ಮಾಡಿದ ಮಡಿಯ ಮೇಲೆ ಅದನ್ನಿಟ್ಟು ಹತ್ತಿ ನಿಂತರೆ ಗೂಟಗಳು ಮಣ್ಣಿಗಿಳಿಯುತ್ತವೆ. ಎತ್ತಿದರೆ ಸಾಲಾಗಿ ಗುಳಿ. ಹಿಂದೆ ಬರುವ ಹೆಂಗಸರು ಗುಳಿಗೊಂದು ಲಿಲ್ಲಿ ಗೆಡ್ಡೆ ಇಟ್ಟು, ಮೊಳಕೆ ಮೇಲೆ ಮಾಡಿ ಮಣ್ಣೆಳೆಯುತ್ತಾರೆ. ಹಲಗೆ ಹತ್ತುವವಳಿಗೆ ಮೈಯಲ್ಲಿ ಭಾರ ಇರಬೇಕು, ಆ ಭಾರ ಎರಡು ಕಾಲಿಗೂ ಸಮ ಬೀಳಬೇಕು. ಒಂದು ಕಡೆ ವಾಲಿದರೆ ಒಂದು ಸಾಲು ಆಳ, ಇನ್ನೊಂದು ಸಾಲು ಮೇಲೆ, ಕೊನೆಗೆ ಹೂವು ಒಟ್ಟಿಗೆ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ಆ ತೋಟದಲ್ಲಿ ಹಲಗೆ ಹತ್ತಿದವಳು ಇವಳೊಬ್ಬಳೇ. ಹೆತ್ತವರು ಇಟ್ಟ ಹೆಸರಿನಿಂದ ಒಡಹುಟ್ಟಿದ ತಂಗಿಯೂ ಈಗ ಕರೆಯುತ್ತಿರಲಿಲ್ಲ.

ಈ ಸಲ ಹೊಸ ಅಪ್ಪಣೆಯಾಗಿತ್ತು. ಒಮ್ಮೆ ಒತ್ತಿ ಎತ್ತಿದ ಮೇಲೆ ಹಲಗೆಯನ್ನು ನಾಲ್ಕು ಬೆರಳು ಸರಿಸಿ, ಗುಳಿ ಗುಳಿಯ ನಡುವೆ ಇನ್ನೊಮ್ಮೆ ಒತ್ತಬೇಕು. ಎರಡು ಮಡಿಯ ಹೂವು ಒಂದೇ ಮಡಿಯಲ್ಲಿ ಬರಬೇಕು. ಗೆಡ್ಡೆ ಕಳಿಸಿದ ಕಂಪನಿಯವರು ಎಂಟು ಬೆರಳಿಗಿಂತ ಹತ್ತಿರ ಹಾಕಬಾರದು ಅಂತ ಪೆಟ್ಟಿಗೆಯ ಮೇಲೇ ಚಿತ್ರ ಬರೆದು ಕಳಿಸಿದ್ದರು. ಆ ಚಿತ್ರವಿದ್ದ ಪೆಟ್ಟಿಗೆಗಳೆಲ್ಲ ಬಂದ ದಿನವೇ ಒಲೆಗೆ ಹೋಗಿದ್ದವು.

“ಯಜಮಾನ್ರೆ, ಇದು ಮೋಡದ ಕಾಲ,” ಎಂದಳು ಹಲಗೆಯಕ್ಕ. “ಬಿಸಿಲು ಕಮ್ಮಿ ಇರುವಾಗ ಇನ್ನೂ ಅಗಲ ಹಾಕ್ಬೇಕು. ನಾಲ್ಕು ಬೆರಳಿಗೆ ಹಾಕಿದ್ರೆ ಎಲೆಗೆ ಎಲೆ ತಾಗುತ್ತೆ, ನೀರು ಆರಲ್ಲ, ಬೂಷ್ಟು ಹಿಡಿಯುತ್ತೆ. ಆಮೇಲೆ ನಮ್ಮನ್ನ ಅನ್ಬೇಡಿ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಎರಡೆರಡು ಸಲ ಹತ್ತಿಳಿಯೋಕೆ ಮೈಗಳ್ಳತನ ಅನ್ನು.” ಯಜಮಾನ ಕೈಯಲ್ಲಿದ್ದ ಕೊಡೆಯ ತುದಿಯಿಂದ ಅವಳ ಸೊಂಟದ ಕೆಳಗೆ ತಿವಿದ. “ಇಷ್ಟು ದೊಡ್ಡ ಕುಂಡೆ ಬೆಳೆಸಿರೋದು ಯಾತಕ್ಕೆ? ಹತ್ತು!”

ಮೇಸ್ತ್ರಿ ಕಿಸಕ್ಕನೆ ನಕ್ಕ. ಅವನು ಬೇರೆ ಯಾರೂ ಅಲ್ಲ, ಅವಳ ಗಂಡನ ಬೆನ್ನಿಗೆ ಹುಟ್ಟಿದ ತಮ್ಮ, ಖಾಸಾ ಮೈದುನ. ಚಿಕ್ಕವನಿದ್ದಾಗ ಅವಳ ಕೈಯಿಂದಲೇ ಉಂಡವನು. ಯಜಮಾನ ನಕ್ಕಾಗ ನಗುವುದು, ಯಜಮಾನ ಉಗಿದಾಗ ಉಗಿಯುವುದು ಅವನ ಕೆಲಸದಲ್ಲಿ ಮುಕ್ಕಾಲು ಪಾಲು.

ಹಲಗೆಯಕ್ಕ ಹತ್ತಿದಳು. ಹತ್ತದೆ ಏನು ಮಾಡುತ್ತಾಳೆ? ಹಲಗೆ ಮೊದಲ ಸಲದಂತೆ ಕೂರಲಿಲ್ಲ. ಹಳೆಯ ಗುಳಿಗಳ ಗೋಡೆ ಕುಸಿದದ್ದು ಮರ ದಾಟಿ ಅವಳ ಅಂಗಾಲಿಗೆ ತಿಳಿಯಿತು. ಒತ್ತಿದ ನೆಲವನ್ನೇ ಮತ್ತೆ ಒತ್ತಿದರೆ ಹಾಗೆಯೇ, ಪೊಳ್ಳು ಪೊಳ್ಳು. ಕಣ್ಣು ಕಟ್ಟಿ ನಿಲ್ಲಿಸಿದರೂ ಅವಳ ಕಾಲು ಅದನ್ನು ಹೇಳುತ್ತಿತ್ತು. ಅವತ್ತಿನಿಂದ ನಾಲ್ಕು ದಿನ, ಮೂವತ್ತು ಮಡಿ, ಒಂದೊಂದು ಹೆಜ್ಜೆಗೂ ಅದೇ ಪೊಳ್ಳು ನೆಲವನ್ನು ತುಳಿದಳು.

ಕೊಳೆತು ಹೋದ್ರಾ ಅಂತ ಕೇಳಿದ್ದ ಯಜಮಾನ. ಅದು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ತೋಟದ ಹಿಂದೆ ತಗಡಿನ ಸೂರಿನ ಒಂದು ಸಾಲು ಕೋಣೆಗಳಿದ್ದವು. ಹಲಗೆಯಕ್ಕನ ಕೋಣೆಗೆ ಬಾಗಿಲೊಂದು, ಕಿಟಕಿ ಇಲ್ಲ. ಹನ್ನೊಂದು ಜನ ಒಂದೇ ಮಗ್ಗುಲಾಗಿ ಮಲಗಬೇಕು. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಅದಕ್ಕೆ ಬಾಗಿಲ ಪಕ್ಕ ಮಲಗಿದವರು “ತಿರುಗ್ರೋ” ಅನ್ನಬೇಕೆಂದು ರೂಢಿಯೇ ಆಗಿಹೋಗಿತ್ತು. ಹೊಸದಾಗಿ ಬಂದವರು ಮೊದಲೆರಡು ದಿನ ನಗುತ್ತಿದ್ದರು. ಆಮೇಲೆ ನಿದ್ದೆಗಣ್ಣಲ್ಲೇ ತಿರುಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವಳ ಗಂಡ ಆ ಕೋಣೆಯಲ್ಲೇ ಕೆಮ್ಮಿ ಕೆಮ್ಮಿ ಹೋದ. ಆಸ್ಪತ್ರೆಯವರು ಗುಳಿಗೆ ಕೊಟ್ಟು, “ಗಾಳಿ ಆಡೋ ಕಡೆ ಮಲಗಿಸಮ್ಮ, ಬೇರೆಯವರಿಂದ ದೂರ ಇರಲಿ” ಎಂದಿದ್ದರು. ಎಲ್ಲಿಗೆ ದೂರ? ಗೆಡ್ಡೆ ಇಡುವ ಉಗ್ರಾಣ ಅರ್ಧ ಖಾಲಿ ಇತ್ತು. ಅದಕ್ಕೆ ನಾಲ್ಕು ಕಿಟಕಿ, ಎರಡು ಫ್ಯಾನು, ಪೆಟ್ಟಿಗೆಗೂ ಪೆಟ್ಟಿಗೆಗೂ ನಡುವೆ ಗಾಳಿಗೆಂದು ಬಿಟ್ಟ ಅಂತರ. ಹದಿನೈದು ದಿನ ಅಲ್ಲಿ ಮಲಗಿಸಿಕೊಳ್ಳುತ್ತೇನೆ ಎಂದು ಯಜಮಾನನ ಕಾಲಿಗೆ ಬಿದ್ದಿದ್ದಳು. “ರೋಗದ ನಾಯಿ ಮಲಗಿದ ಜಾಗದಲ್ಲಿ ಗೆಡ್ಡೆ ಇಡೋಕಾಗುತ್ತಾ?” ಎಂದಿದ್ದ ಅವನು. ಗಂಡ ಸತ್ತ ಮೇಲೆ ಕೋಣೆಯಲ್ಲಿ ತಲೆಗೆ ಎರಡು ಬೆರಳಿನಷ್ಟು ಜಾಗ ಹೆಚ್ಚಾಯಿತು. ಹೊರಳಲು ಜಾಗ ಸಿಕ್ಕಿತಲ್ಲ ಎಂದು ಯಾರಿಗೋ ಸಮಾಧಾನವಾಗಿರಬೇಕು, ಅವಳಿಗೂ ಒಂದು ದಿನ ಹಾಗೆನಿಸಿತ್ತು, ಹಾಗೆನಿಸಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಳು. ತಿಂಗಳು ತುಂಬುವುದರೊಳಗೆ ಯಜಮಾನ ಇನ್ನಿಬ್ಬರನ್ನು ಒಳಕ್ಕೆ ತುಂಬಿದ.

ಆ ಇಬ್ಬರು ಅವಳ ತಂಗಿ ಮತ್ತು ತಂಗಿಯ ಗಂಡ. ತಂಗಿಗೆ ಈಗ ಏಳು ತಿಂಗಳು. ಹೊಟ್ಟೆ ಬಂದಮೇಲೆ ಅವಳಿಗೆ ಒಂದೇ ಮಗ್ಗುಲಲ್ಲಿ ಮಲಗಲು ಆಗುತ್ತಿರಲಿಲ್ಲ. ಹಲಗೆಯಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತೇ ತೂಕಡಿಸಿ, ತನ್ನ ಜಾಗವನ್ನೂ ಅವಳಿಗೆ ಬಿಟ್ಟುಕೊಡುತ್ತಿದ್ದಳು.

ಲಿಲ್ಲಿ ಮೊಳಕೆ ಒಡೆದು ಮೇಲೆ ಬಂದಾಗ ಯಜಮಾನನ ಮುಖ ಅರಳಿತು. ಮಡಿ ಕಾಣದಷ್ಟು ಹಸಿರು. ಬಂದವರಿಗೆಲ್ಲ ಕರೆದು ತೋರಿಸಿದ, “ಈ ಹೆಂಗಸರು ನನಗೆ ಪಾಠ ಹೇಳೋಕೆ ಬಂದಿದ್ರು” ಎಂದು ನಕ್ಕ. ಮೊಣಕಾಲೆತ್ತರ ಬೆಳೆದ ಮೇಲೆ ಗಿಡಗಳು ಬೆಳಕಿಗಾಗಿ ಒಂದನ್ನೊಂದು ನೂಕತೊಡಗಿದವು. ಕಾಂಡ ಬಳುಕಿತು. ಕೆಳಗಿನ ಎಲೆ ಹಳದಿಯಾಯಿತು. ಮೋಡ ಮುಚ್ಚಿಕೊಂಡಿದ್ದ ಒಂದು ವಾರ ಕಳೆದು ಹಲಗೆಯಕ್ಕ ಎಲೆ ಸರಿಸಿ ನೋಡಿದರೆ, ಬುಡದಲ್ಲಿ ಬೂದಿ ಬಣ್ಣದ ಬೂಷ್ಟು. ಮುಟ್ಟಿದರೆ ಎಲೆ ಕೈಗಂಟಿಕೊಂಡು ಬಂತು.

ಮುಖಕ್ಕೆ ಬಟ್ಟೆ ಕೂಡ ಕೊಡದೆ ಔಷಧಿ ಹೊಡೆಸಿದರು. ಹೆಂಗಸರು ಎರಡು ದಿನ ಕಣ್ಣುರಿಯಿಂದ ಒದ್ದಾಡಿದರು, ಬೂಷ್ಟು ಒದ್ದಾಡಲಿಲ್ಲ. ಮೂವತ್ತು ಮಡಿಯಲ್ಲಿ ಇಪ್ಪತ್ತನಾಲ್ಕು ಹಾಳಾದವು. ಗೋಡೆ ಬದಿಯ ಆರು ಮಡಿಗೆ ಮಾತ್ರ, ಪ್ಲಾಸ್ಟಿಕ್ ಹರಿದು ಗಾಳಿ ನುಗ್ಗುತ್ತಿದ್ದುದರಿಂದ, ರೋಗ ಇನ್ನೂ ತಾಗಿರಲಿಲ್ಲ. ಅವುಗಳಲ್ಲಿ ಮೊಗ್ಗು ಹಸಿರಾಗಿ ನಿಂತಿತ್ತು.

ಗೆಡ್ಡೆ ಕಂಪನಿಯ ತಪಾಸಣೆ ಸಾಹೇಬ ಬರುತ್ತಾನೆ ಎಂದು ಸುದ್ದಿ ಬಂದ ದಿನವೇ ಮೇಸ್ತ್ರಿ ನೀರಿನ ತೊಟ್ಟಿಯ ಹಿಂದೆ ಅವಳನ್ನು ತಡೆದು ನಿಲ್ಲಿಸಿದ.

“ಅತ್ತಿಗೆ, ಒಂದು ಮಾತು.”

“ಅತ್ತಿಗೆ ಅಂತ ಕರೆದೆ ಅಂದ್ರೆ ಏನೋ ಹೊಲಸು ಕೆಲಸಾನೇ ಇರಬೇಕು. ಬೊಗಳು.”

“ನಾಳೆ ಸಾಹೇಬ ಕೇಳಿದ್ರೆ, ಒತ್ತಿದ್ದು ಮರೆತು ಇನ್ನೊಂದ್ಸಲ ಒತ್ಬಿಟ್ಟೆ ಅಂತ ಹೇಳಬೇಕು. ಅಷ್ಟೇ. ಯಜಮಾನ್ರು ಊರಲ್ಲಿರಲಿಲ್ಲ, ಅವ್ರಿಗೆ ಗೊತ್ತಿರಲಿಲ್ಲ, ಅಂತ. ಅವ್ರೇ ಮಾಡಿಸಿದ್ದು ಅಂದ್ರೆ ಕಂಪನಿಯವ್ರು ಮುಂದೆ ಗೆಡ್ಡೆ ಕೊಡಲ್ಲ.”

ಹಲಗೆಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. “ಮೂವತ್ತು ಮಡೀನೂ ಮರೆತು ಒತ್ತಿದ್ನೇನೋ? ಹಲಗೆ ಹತ್ತೋಳಿಗೆ ಒತ್ತಿದ ನೆಲ ಗೊತ್ತಾಗಲ್ವಾ? ಹಾಲು ಕುಡಿಯೋ ಮಗು ಕೂಡ ನಂಬಲ್ಲ ಕಣೋ!”

“ಅವ್ರು ನಂಬ್ತಾರೆ. ನಮ್ಮಂಥೋರು ಪೆದ್ದರು ಅಂದ್ರೆ ಯಾರು ಬೇಕಾದ್ರೂ ನಂಬ್ತಾರೆ.”

“ಹೇಳಿದ್ರೆ?”

ಮೇಸ್ತ್ರಿ ಕಾಲ ಹೆಬ್ಬೆರಳಿಂದ ನೆಲ ಕೆರೆದ. “ನೀನು ಹೋಗ್ಬೇಕಾಗುತ್ತೆ. ಕಂಪನಿಯವ್ರು ಎಲ್ಲ ತೋಟಕ್ಕೂ ಹೆಸರು ಕಳಿಸ್ತಾರಂತೆ, ಇನ್ಯಾರೂ ಹಲಗೆ ಕೊಡಲ್ಲ. ಆದ್ರೆ ನಿನ್ನ ತಂಗಿ ಉಳ್ಕೋತಾಳೆ. ಬಾಣಂತನ ಕೋಣೇಲೇ ಆಗ್ಲಿ ಅಂದಿದ್ದಾರೆ.”

“ಹೇಳದಿದ್ರೆ?”

“ಕೋಣೆ ಖಾಲಿ. ಹನ್ನೊಂದೂ ಜನ, ನಾಳೇನೇ. ಯೋಚ್ನೆ ಮಾಡು ಅತ್ತಿಗೆ. ಒಬ್ಬಳು ಹೋದ್ರೆ ಹತ್ತು ಜನ ಉಳೀತಾರೆ. ಬಡವನ ಕೋಪ ದವಡೆಗೆ ಮೂಲ.”

“ಥೂ, ನಿನ್ನ ಬಾಯಿಗೆ ಮಣ್ಣು ಹಾಕ! ನಿನ್ನಣ್ಣ ಸತ್ತದ್ದು ಇದೇ ಕೋಣೇಲಿ. ಅವನ ಹೆಣ ಎತ್ತುವಾಗ ನೀನು ಯಜಮಾನನ ಕಾರು ಒರೆಸ್ತಿದ್ದೆ. ನಿನ್ನ ಎದೇಲಿ ಇರೋದು ಏನೋ, ಗುಂಡಿಗೇನೋ ಗೂಟಾನೋ?”

ಮೇಸ್ತ್ರಿ ಪಾಲಿಹೌಸಿನ ಕಡೆ ನಡೆದ. ಅವನಿಗೆ ಇದಕ್ಕಿಂತ ದೊಡ್ಡ ಬೈಗುಳ ದಿನಾ ಬೆಳಿಗ್ಗೆ ಯಜಮಾನನ ಮನೆ ಜಗಲಿಯಲ್ಲಿ ಸಿಗುತ್ತಿತ್ತು.

ಸಂಜೆ ತಂಗಿಗೆ ಹೇಳಿದಳು. ಅಯ್ಯೋ ಬೇಡಕ್ಕ ಅನ್ನುತ್ತಾಳೆ, ಆಗ ತಾನು ಗಟ್ಟಿಯಾಗಬಹುದು ಎಂದು ಒಳಗೊಳಗೆ ಆಸೆಯಿತ್ತು. ತಂಗಿ ಹೊಟ್ಟೆ ಹಿಡಿದುಕೊಂಡು ಬಾಗಿಲ ಕಡೆ ನೋಡಿದಳು. ಹೊರಗೆ ದಾರಿ, ದಾರಿಯಾಚೆ ಇನ್ನೊಬ್ಬರ ಬೇಲಿ.

“ಹೇಳಿಬಿಡಕ್ಕಾ,” ಎಂದಳು. “ಮಾತು ತಾನೆ? ಇದನ್ನ ಎಲ್ಲಿ ಹೆರಲಿ ನಾನು, ರಸ್ತೇಲಾ?”

ಹಲಗೆಯಕ್ಕ “ಹೂಂ” ಎಂದಳು. ಇನ್ನೇನು ಹೇಳುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಎಂದಾದರೂ ಯಾಕೆ ಅಂತ ಕೇಳಿದ್ದುಂಟೆ? ಹೇಳಬೇಕಾದ ಮಾತನ್ನು ಮನಸ್ಸಲ್ಲೇ ಹತ್ತು ಸಲ ಹೇಳಿಕೊಂಡಳು. ‘ಮರೆತು ಒತ್ಬಿಟ್ಟೆ ಸ್ವಾಮಿ.’ ಪ್ರತಿ ಸಲವೂ ‘ಮರೆತು’ ಅನ್ನುವಾಗ ಅಂಗಾಲು ಉರಿಯಿತು.

ಸಾಹೇಬ ಮಾರನೆಯ ದಿನ ಹತ್ತು ಗಂಟೆಗೆ ಬಂದ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ಬಂದ ಮೆದುಮಾತಿನ ಮನುಷ್ಯ. ಹಾಳಾದ ಮಡಿಗಳನ್ನು ಬಗ್ಗಿ ನೋಡಿದ, ಎರಡು ಗಿಡದ ನಡುವೆ ಬೆರಳಿಟ್ಟು ಅಳೆದ, ತಲೆಯಾಡಿಸಿದ. ಯಜಮಾನ ಪಕ್ಕದಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಹೆಂಗಸರನ್ನೆಲ್ಲ ಸಾಲಾಗಿ ಗೋಡೆಗೆ ನಿಲ್ಲಿಸಿದ್ದರು, ತಂಗಿಯೂ ಅಲ್ಲಿದ್ದಳು.

“ನೋಡಿ ಸಾರ್, ಮನೆ ಆಳು ಅಂತ ನಂಬಿ ಬಿಟ್ಟು ಹೋದ್ರೆ ಹೀಗಾಯ್ತು,” ಎಂದ ಯಜಮಾನ. “ಒತ್ತಿದ ಜಾಗಾನೇ ಇನ್ನೊಂದ್ಸಲ ಒತ್ತಿದ್ದಾಳೆ. ಎಮ್ಮೆ ಚರ್ಮ, ಕಾಲಿಗೆ ಏನು ಗೊತ್ತಾಗುತ್ತೆ? ಬಾರೇ ಇಲ್ಲಿ, ಹೇಳು ಸಾಹೇಬ್ರಿಗೆ. ಹೇಗೆ ಒತ್ತಿದೆ ತೋರ್ಸು.”

ಮೇಸ್ತ್ರಿ ಹಲಗೆ ತಂದು ದಾರಿಯ ಮಣ್ಣಿನ ಮೇಲೆ ಹಾಕಿದ. ಹಲಗೆಯಕ್ಕ ಹತ್ತಿದಳು, ಇಳಿದಳು. ಹಲಗೆ ಸರಿಸಿದರು, ಮತ್ತೆ ಹತ್ತಿದಳು. ಸರ್ಕಸ್ಸಿನ ಪ್ರಾಣಿಯನ್ನು ನೋಡಿದಂತೆ ಯಜಮಾನ ನೋಡಿದ.

“ನೀವೇ ಒತ್ತಿದ್ದಾ ತಾಯಿ?” ಸಾಹೇಬ ಕೇಳಿದ.

“ನಾನೇ ಒತ್ತಿದ್ದು.”

“ಗೊತ್ತಾಗಲಿಲ್ವಾ?”

ಬಾಯಿ ತೆರೆದಳು. ತಂಗಿ ಅವಳನ್ನೇ ನೋಡುತ್ತಿದ್ದಳು. ‘ಮರೆತು’ ಎನ್ನುವ ಮೊದಲೇ ಅಂಗಾಲು ಮತ್ತೆ ಉರಿಯಿತು, ಅವಳು ಹಲಗೆಯಿಂದ ಕೆಳಗಿಳಿದಳು.

ಸಾಹೇಬ ಹೆಚ್ಚು ಕಾಯಲಿಲ್ಲ. ಧ್ವನಿ ತಗ್ಗಿಸಿ, ಕನಿಕರದಿಂದಲೇ ಹೇಳಿದ. “ನನಗೂ ಗೊತ್ತಾಗುತ್ತೆ ತಾಯಿ. ಮೂವತ್ತು ಮಡಿ ಯಾರೂ ಮರೆತು ಒತ್ತಲ್ಲ. ಆದ್ರೆ ಕಾಗದದಲ್ಲಿ ಕಾರಣ ಅಂತ ಒಂದು ಕಡೆ ತುಂಬಿಸಲೇಬೇಕು. ನೀವೇನೂ ಹೇಳೋದು ಬೇಡ, ಇಲ್ಲೊಂದು ಹೆಬ್ಬೆಟ್ಟು ಒತ್ತಿ ಸಾಕು.”

ಕಾಗದ ಮುಂದೆ ಬಂತು. ಹಲಗೆಯಕ್ಕನಿಗೆ ಓದಲು ಬರುತ್ತಿರಲಿಲ್ಲ. “ಏನು ಬರೆದಿದೆ?” ಎಂದಳು.

“ಕೂಲಿಯವಳ ಅಜ್ಞಾನದಿಂದ ಆದ ತಪ್ಪು, ಅಂತ.”

“ನಾನು ಇನ್ನೂ ಏನೂ ಹೇಳೇ ಇಲ್ವಲ್ಲ ಸ್ವಾಮಿ. ಯಾವಾಗ ಬರೆದ್ರಿ?”

ಸಾಹೇಬ ಕಾರಿನ ಕಡೆ ನೋಡಿದ. ಮನೆಯಿಂದ ಹೊರಡುವಾಗಲೇ ಬರೆದುಕೊಂಡು ಬಂದಿದ್ದ. ಈ ತೋಟಕ್ಕೆ ಕಾಲಿಡುವ ಮೊದಲೇ, ಗಿಡ ನೋಡುವ ಮೊದಲೇ, ಅವಳ ಮುಖ ನೋಡುವ ಮೊದಲೇ. ಸುಳ್ಳು ಎಂದು ಬಲ್ಲವನೇ ಅದನ್ನು ಬರೆದು, ಮಸಿಯ ಡಬ್ಬಿ ತೆರೆದು ಹಿಡಿದು ನಿಂತಿದ್ದ. ಹಲಗೆಯಕ್ಕನ ಮೈಯೆಲ್ಲ ಕೆಂಡವಾಯಿತು. ಸುಳ್ಳು ನಂಬುವ ಪೆದ್ದನ ಮುಂದಾದರೂ ಅವಳು ಸುಳ್ಳು ಹೇಳುತ್ತಿದ್ದಳೇನೋ.

“ಒತ್ತೇ!” ಯಜಮಾನ ಗದರಿದ. “ಹಲಗೆ ಒತ್ತೋಕೆ ಬಂದೋಳಿಗೆ ಹೆಬ್ಬೆಟ್ಟು ಒತ್ತೋಕೆ ಬರಲ್ವಾ?”

ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿದಳು. ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದಳು. ಮೇಸ್ತ್ರಿ ಉಸಿರು ಬಿಟ್ಟ.

“ಆಯ್ತಾ ಸ್ವಾಮಿ? ತಪ್ಪು ನನ್ನದು, ಬರೆದಾಯ್ತು, ಗುರುತೂ ಆಯ್ತು.”

“ಆಯ್ತಮ್ಮ.”

“ಯಜಮಾನ್ರೆ, ನೀವೂ ಕೇಳಿಸ್ಕೊಂಡ್ರಲ್ಲ? ತಪ್ಪು ನನ್ನದು.”

“ಹೌದೇ ಮಾರಾಯ್ತಿ, ನಿನ್ನದೇ. ನಡಿ ಆ ಕಡೆ.”

ಅವಳು ಆ ಕಡೆ ನಡೆದಳು. ಗೋಡೆ ಬದಿಯ ಆರು ಮಡಿಗಳ ಕಡೆ. ಮೊದಲ ಮಡಿಯ ತುದಿಯಲ್ಲಿ ಸೀರೆ ಎತ್ತಿಕಟ್ಟಿ ಕೂತು, ಮೊದಲ ಗಿಡ ಬಿಟ್ಟಳು, ಎರಡನೆಯದರ ಬುಡಕ್ಕೆ ಕೈ ಹಾಕಿ ಗೆಡ್ಡೆ ಸಮೇತ ಕಿತ್ತಳು. ಮೊಗ್ಗು ತುಂಬಿದ್ದ ಗಿಡವನ್ನು ದಾರಿಗೆಸೆದಳು. ಮೂರನೆಯದನ್ನು ಬಿಟ್ಟು ನಾಲ್ಕನೆಯದನ್ನು ಕಿತ್ತಳು.

“ಏಯ್! ಏಯ್! ಏನೇ ಮಾಡ್ತಿದ್ದೀಯಾ? ಹುಚ್ಚು ಹಿಡೀತಾ?”

“ಹತ್ತಿರ ಹಾಕಿದ್ದು ನನ್ನ ತಪ್ಪಂತೆ. ತಿದ್ದುತಾ ಇದ್ದೀನಿ,” ಎಂದಳು ಹಲಗೆಯಕ್ಕ, ತಲೆ ಎತ್ತದೆ. “ಎಂಟು ಬೆರಳಿಗೊಂದು ಉಳಿಸ್ತೀನಿ. ಸಾಹೇಬ್ರೆ, ಬೆರಳಿಟ್ಟು ಅಳ್ಕೊಳ್ಳಿ. ಒಂದು ತಪ್ಪಿದ್ರೂ ಇನ್ನೊಂದು ಹೆಬ್ಬೆಟ್ಟು ಒತ್ತುತೀನಿ.”

“ಅಯ್ಯೋ, ಉಳಿದಿರೋದೇ ಅದು! ಎಳೆದು ಹಾಕೋ ಅವಳನ್ನ, ಬೋಳಿಮಗನೆ, ಏನು ನಿಂತ್ಕೊಂಡು ನೋಡ್ತೀಯಾ!”

ಮೇಸ್ತ್ರಿ ಓಡಿಬಂದು ಅವಳ ಎಡಗೈ ಹಿಡಿದು ಜಗ್ಗಿದ. ತೂಕದ ಹೆಂಗಸು, ಅಲ್ಲಾಡಲಿಲ್ಲ. ಎಡಗೈಯನ್ನು ಅವನಿಗೇ ಬಿಟ್ಟುಕೊಟ್ಟು ಬಲಗೈಯಿಂದ ಕೀಳುತ್ತ ಹೋದಳು. “ಹಿಡ್ಕೋ ಮೈದುನ, ಬಿಡಬೇಡ. ನಿನ್ನಣ್ಣನ ಕೈ ಹಿಡಿಯೋಕಂತೂ ಬರಲಿಲ್ಲ.”

ಗೋಡೆಗೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮೊದಲು ಕದಲಲಿಲ್ಲ. ಕದಲಿದ್ದು ತಂಗಿ. ಗೋಡೆ ಹಿಡಿದು, ಸೊಂಟಕ್ಕೆ ಕೈಕೊಟ್ಟು, ನಿಧಾನ ನಡೆದು ಅದೇ ಮಡಿಯ ಆ ತುದಿಗೆ ಹೋದಳು. ಹಲಗೆಯಕ್ಕ ನೋಡಿದಳು. ಬೇಡ ಕಣೇ ಎಂಬ ಮಾತು ಬಾಯಿಗೆ ಬಂತು. ತಂಗಿ ಹೊಟ್ಟೆಗೆ ತಾಗದಂತೆ ಕಾಲು ಅಗಲಿಸಿ ಕೂತಳು, ಒಂದು ಗಿಡ ಬಿಟ್ಟಳು, ಇನ್ನೊಂದನ್ನು ಕಿತ್ತಳು.

“ರಸ್ತೇಲಿ ಗಾಳಿಯಾದ್ರೂ ಇರುತ್ತೆ ಬಿಡಕ್ಕಾ,” ಎಂದಳು.

ಆಮೇಲೆ ಗೋಡೆಯ ಬಳಿ ಯಾರೂ ಉಳಿಯಲಿಲ್ಲ. ಆರು ಮಡಿಗೂ ಹೆಂಗಸರು ಕೂತರು. ಅದೇ ಗುಳಿಗಳ ಅಳತೆಗೆ ಪಳಗಿದ ಕೈಗಳು, ಯಾರೂ ಅಳೆಯಬೇಕಾಗಿರಲಿಲ್ಲ. ಒಂದು ಬಿಟ್ಟು ಒಂದು, ಒಂದು ಬಿಟ್ಟು ಒಂದು. ಉಳಿದ ಗಿಡಗಳು ಮೊದಲ ಸಲ ಒಂದನ್ನೊಂದು ಮುಟ್ಟದೆ ನಿಂತವು, ನಡುವೆ ಮಣ್ಣು ಕಾಣಿಸಿತು. ಸಾಹೇಬ ಕಾಗದ ಮಡಚಿ ಜೇಬಿಗಿಟ್ಟು, ಬೂಟಿನ ಚೀಲ ಕೂಡ ಬಿಚ್ಚದೆ ಹೊರಗೆ ನಡೆದ.

ಯಜಮಾನ ಒಬ್ಬೊಬ್ಬರ ಹೆಸರು ಹಿಡಿದು ಬೈಯಲು ಹೋದ. ಯಾರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಕೋಣೆ ಖಾಲಿ ಮಾಡಿಸುತ್ತೇನೆ, ಪೊಲೀಸರನ್ನು ಕರೆಸುತ್ತೇನೆ ಎಂದು ಕೂಗಿದ. ಎರಡನ್ನೂ ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೈ ನಿಲ್ಲಿಸಲಿಲ್ಲ. ಕೊಡೆ ಎತ್ತಿಕೊಂಡು ಹಲಗೆಯಕ್ಕನ ಕಡೆ ಹೆಜ್ಜೆಯಿಟ್ಟ. ಎರಡೂ ಬದಿಯಿಂದ ಕಿತ್ತೆಸೆದ ಲಿಲ್ಲಿಗಳು ದಾರಿಯಲ್ಲಿ ಮೊಣಕಾಲೆತ್ತರ ಬಿದ್ದಿದ್ದವು, ಮೊಗ್ಗು ಮೊಗ್ಗಿನ ಮೇಲೆ, ಬೇರು ಬೇರಿನ ಮೇಲೆ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಅವನು ಹುಡುಕಿದ. ನಾಲ್ಕು ಬೆರಳು ಜಾಗವೂ ಇರಲಿಲ್ಲ.